ಮಾಳಿಗೆಯ ತೊಲೆ: ಭಾರ ಎಷ್ಟು, ಭಾರ ಎಲ್ಲಿ?

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಯೆಂದರೆ ಶಾಲೆಯ ಇತಿಹಾಸ, ಗುರುಗಳ ಸ್ಮರಣೆ, ನಾಡುನುಡಿಯ ಚಿಂತನೆ ಇವುಗಳಿಗೆ ಮೀಸಲಾದ ಪುಟಗಳೆಂಬುದು ರೂಢಿ. ಅವುಗಳ ನಡುವೆ ತೊಲೆಯೊಂದರ ಲೆಕ್ಕಕ್ಕೆ ಏನು ಕೆಲಸವೆಂದು ಓದುಗರು ಕೇಳಬಹುದು. ಅದಕ್ಕೆ ಕಾರಣಗಳು ಎರಡು. ರಾಯದುರ್ಗ, ಮಡಕಶಿರಾ ಸೀಮೆಯ ಹಳ್ಳಿಗಳಲ್ಲಿ ಮಣ್ಣಿನ ಮಾಳಿಗೆಯ ಹಳೆಯ ಮನೆಗಳು ಇಂದಿಗೂ ಉಳಿದಿವೆ. ಅವುಗಳಲ್ಲಿ ಜನ ಬಾಳುತ್ತಿದ್ದಾರೆ. ಆ ಮಾಳಿಗೆಗಳ ಮೇಲೆ ಈಗ ನೀರಿನ ಟ್ಯಾಂಕು ಏರುತ್ತಿದೆ, ವರ್ಷವರ್ಷವೂ ಹೊಸ ಮಣ್ಣು ಸೇರುತ್ತಿದೆ. ತಲೆಯ ಮೇಲಿರುವ ತೊಲೆ ಇದನ್ನೆಲ್ಲ ಹೇಗೆ ಹೊರುತ್ತದೆ ಎಂಬುದು ಮನೆಯವರೆಲ್ಲರೂ ತಿಳಿಯಬೇಕಾದ ಸಂಗತಿ. ಇನ್ನೊಂದು ಕಾರಣ ವಿದ್ಯಾರ್ಥಿಗಳಿಗೆ ಸಂಬಂಧಿಸಿದುದು. ಕನ್ನಡ ಮಾಧ್ಯಮದಲ್ಲಿ ಕಲಿತು, 1946ರಲ್ಲಿ ಸ್ಥಾಪಿತವಾದ ಅನಂತಪುರದ ಎಂಜಿನಿಯರಿಂಗ್ ಕಾಲೇಜಿಗೋ ಬಳ್ಳಾರಿ, ತುಮಕೂರಿನ ಕಾಲೇಜುಗಳಿಗೋ ಹೋಗುವ ನಮ್ಮ ಮಕ್ಕಳಿಗೆ ‘ಬೆಂಡಿಂಗ್ ಮೊಮೆಂಟ್’ ಎಂಬ ಮಾತು ಪರದೇಶದ್ದಾಗಿ ಕೇಳಿಸುತ್ತದೆ. ಆದರೆ ಆ ಮಾತು ಸೂಚಿಸುವ ವಸ್ತು ಅವರ ಅಜ್ಜನ ಮನೆಯ ಸೂರಿನಲ್ಲಿಯೇ ಇದೆ.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ರಾಯದುರ್ಗ ತಾಲ್ಲೂಕು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಅನಂತಪುರ ಜಿಲ್ಲೆಗೆ ಸೇರಿತು. ಅನಂತಪುರ ಜಿಲ್ಲೆಯಲ್ಲಿಯೇ ಇದ್ದ ಮಡಕಶಿರಾ 2022ರ ಏಪ್ರಿಲ್ ತಿಂಗಳಿನಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಗಡಿಗಳು ಹೀಗೆ ಸರಿದಾಡಿದರೂ ಮನೆ ಕಟ್ಟುವ ಕ್ರಮವಾಗಲಿ, ಕಂಬ, ಬೋದಿಗೆ, ತೊಲೆ, ಜಂತೆ, ಅಂಕಣ ಎಂಬ ಮಾತುಗಳಾಗಲಿ ಬದಲಾಗಲಿಲ್ಲ. ಈ ಲೇಖನಕ್ಕೆ ಆ ಮಾತುಗಳೇ ಸಾಕು.

ಮಾಳಿಗೆಯ ರಚನೆ

ಮಾಳಿಗೆಯ ಮನೆಯಲ್ಲಿ ಭಾರವು ಮೇಲಿನಿಂದ ಕೆಳಕ್ಕೆ ಒಂದು ಕ್ರಮದಲ್ಲಿ ಇಳಿಯುತ್ತದೆ. ಎಲ್ಲಕ್ಕಿಂತ ಮೇಲೆ ನೀರು ಇಳಿಯದಂತೆ ಹರಡಿದ ಚೌಳುಮಣ್ಣು. ಅದರ ಕೆಳಗೆ ಬಡಿದು ಗಟ್ಟಿಮಾಡಿದ ಮಣ್ಣು. ಅದರ ಕೆಳಗೆ ಸೊಪ್ಪು ಮತ್ತು ಸಣ್ಣ ಕಟ್ಟಿಗೆಯ ಹಾಸು. ಈ ಹಾಸನ್ನು ಜಂತೆಗಳು ಹೊರುತ್ತವೆ. ಜಂತೆಗಳನ್ನು ತೊಲೆ ಹೊರುತ್ತದೆ. ತೊಲೆಯ ಎರಡು ತುದಿಗಳು ಗೋಡೆಯ ಮೇಲೋ, ಕಂಬದ ತಲೆಯಲ್ಲಿರುವ ಬೋದಿಗೆಯ ಮೇಲೋ ಕುಳಿತಿರುತ್ತವೆ. ಎರಡು ಆಧಾರಗಳ ನಡುವಣ ಅವಕಾಶವೇ ಅಂಕಣ. ಮನೆಯ ದೊಡ್ಡಸ್ತಿಕೆಯನ್ನು ಅಂಕಣಗಳ ಎಣಿಕೆಯಿಂದ ಹೇಳುವುದು ನಮ್ಮಲ್ಲಿ ಹಿಂದಿನಿಂದ ಬಂದ ಪದ್ಧತಿ.

ಎರಡೂ ತುದಿಗಳಲ್ಲಿ ಸುಮ್ಮನೆ ಕುಳಿತು, ಬಾಗುವುದಕ್ಕೆ ಅಡ್ಡಿಯಿಲ್ಲದಿರುವ ಇಂಥ ತೊಲೆಯನ್ನು ಶಾಸ್ತ್ರದಲ್ಲಿ ಸರಳಾಧಾರಿತ ತೊಲೆ ಎನ್ನುತ್ತಾರೆ. ಕಾಲೇಜಿನ ವಿದ್ಯಾರ್ಥಿ ಮೊದಲು ಮಾಡುವ ಲೆಕ್ಕ ಇದರದೇ.

ಹಾರೆಯಿಂದ ತೊಲೆಗೆ

ಕಲ್ಲುಚಪ್ಪಡಿಯನ್ನು ಹಾರೆಯಿಂದ ಮೀಟುವವನು ಹಾರೆಯ ತುದಿಯನ್ನು ಹಿಡಿಯುತ್ತಾನೆಯೇ ಹೊರತು ನಡುವನ್ನಲ್ಲ. ಬಲ ಅಷ್ಟೇ ಇದ್ದರೂ ಅದು ಎಷ್ಟು ದೂರದಲ್ಲಿ ಬೀಳುತ್ತದೆಯೋ ಅಷ್ಟು ಅದರ ತಿರುಗಿಸುವ ಶಕ್ತಿ ಹೆಚ್ಚು. ಬಲವನ್ನು ದೂರದಿಂದ ಗುಣಿಸಿದಾಗ ಬರುವ ಮೊತ್ತವೇ ಭ್ರಾಮಕ. 10 ಕಿಲೋಗ್ರಾಂ ಭಾರ 2 ಮೀಟರ್ ದೂರದಲ್ಲಿದ್ದರೆ ಭ್ರಾಮಕ 20 ಕಿಲೋಗ್ರಾಂ-ಮೀಟರ್.

ತೊಲೆಯಲ್ಲಿ ಈ ತಿರುಗಿಸುವ ಶಕ್ತಿ ಬಾಗಿಸುವ ಶಕ್ತಿಯಾಗುತ್ತದೆ. ತೊಲೆಯನ್ನು ಒಂದು ಜಾಗದಲ್ಲಿ ಮನಸ್ಸಿನಲ್ಲೇ ಕತ್ತರಿಸಿ, ಅದರ ಎಡಪಾಲನ್ನು ಮಾತ್ರ ನೋಡೋಣ. ಎಡ ತುದಿಯಲ್ಲಿ ಗೋಡೆಯು ತೊಲೆಯನ್ನು ಮೇಲಕ್ಕೆ ಒತ್ತುತ್ತಿದೆ. ಮೇಲಿನ ಮಣ್ಣು ಕೆಳಕ್ಕೆ ಒತ್ತುತ್ತಿದೆ. ಕತ್ತರಿಸಿದ ಜಾಗದಿಂದ ಅಳೆದು, ಮೇಲಕ್ಕೆ ಒತ್ತುವ ಬಲದ ಭ್ರಾಮಕದಿಂದ ಕೆಳಕ್ಕೆ ಒತ್ತುವ ಭಾರದ ಭ್ರಾಮಕವನ್ನು ಕಳೆದರೆ ಉಳಿಯುವುದೇ ಆ ಜಾಗದ ಬಾಗುಭ್ರಾಮಕ, ಅಂದರೆ ಬೆಂಡಿಂಗ್ ಮೊಮೆಂಟ್. ಇದರಿಂದಾಗಿ ತೊಲೆಯ ಮೇಲ್ಮೈ ಅದುಮಲ್ಪಡುತ್ತದೆ, ಕೆಳಮೈ ಎಳೆಯಲ್ಪಡುತ್ತದೆ, ನಡುವಣ ಪದರ ಎರಡೂ ಇಲ್ಲದೆ ತಟಸ್ಥವಾಗಿರುತ್ತದೆ.

ಗೋಡೆ ಎಷ್ಟು ಒತ್ತುತ್ತದೆ ಎಂಬುದನ್ನು ತಿಳಿಯುವುದೂ ಕಷ್ಟವಲ್ಲ. ಇಬ್ಬರು ಒಂದು ಗಳಕ್ಕೆ ಮೂಟೆ ಕಟ್ಟಿ ಹೆಗಲ ಮೇಲೆ ಹೊರುವಾಗ ಮೂಟೆ ಯಾರಿಗೆ ಹತ್ತಿರವೋ ಅವರಿಗೆ ಭಾರ ಹೆಚ್ಚು. ಗಳದ ಉದ್ದ 3 ಮೀಟರ್ ಇದ್ದು ಮೂಟೆ ಮುಂದಿನವನಿಂದ 1 ಮೀಟರ್ ದೂರದಲ್ಲಿದ್ದರೆ ಮುಂದಿನವನು ಮೂರರಲ್ಲಿ ಎರಡು ಪಾಲನ್ನೂ ಹಿಂದಿನವನು ಒಂದು ಪಾಲನ್ನೂ ಹೊರುತ್ತಾನೆ. ಗೋಡೆ, ಕಂಬಗಳ ಪ್ರತಿಬಲಕ್ಕೂ ಇದೇ ನಿಯಮ.

ಹರಡಿದ ಭಾರದ ಲೆಕ್ಕ

ಈಗ ಒಂದು ಮಾದರಿ ತೊಲೆಯನ್ನು ಇಟ್ಟುಕೊಳ್ಳೋಣ. ಅಂಕಣ 3 ಮೀಟರ್. ಒಂದೊಂದು ತೊಲೆಯೂ 2 ಮೀಟರ್ ಅಗಲದ ಮಾಳಿಗೆಯನ್ನು ಹೊರುತ್ತದೆ. ಮಣ್ಣಿನ ದಪ್ಪ 20 ಸೆಂಟಿಮೀಟರ್. ಬಡಿದು ಗಟ್ಟಿಮಾಡಿದ ಒಣಮಣ್ಣು ಘನ ಮೀಟರಿಗೆ 1600 ಕಿಲೋಗ್ರಾಂ ಎಂದು ಹಿಡಿದರೆ ಚದರ ಮೀಟರಿಗೆ 320 ಕಿಲೋಗ್ರಾಂ, 2 ಮೀಟರ್ ಅಗಲಕ್ಕೆ 640 ಕಿಲೋಗ್ರಾಂ. ಜಂತೆ, ಹಾಸು, ತೊಲೆಯ ಸ್ವಂತ ತೂಕಗಳಿಗೆ 60 ಸೇರಿಸೋಣ. ಅಂದರೆ ತೊಲೆಯ ಪ್ರತಿ ಮೀಟರ್ ಉದ್ದದ ಮೇಲೆ 700 ಕಿಲೋಗ್ರಾಂ, ಒಟ್ಟು 2100 ಕಿಲೋಗ್ರಾಂ. ಸಮನಾಗಿ ಹರಡಿದ ಭಾರವಾದ್ದರಿಂದ ಎರಡು ತುದಿಗಳಿಗೂ 1050 ಕಿಲೋಗ್ರಾಂ.

ತೊಲೆಯ ನಟ್ಟನಡುವೆ ನಿಂತು ಎಡಕ್ಕೆ ನೋಡಿದರೆ ಗೋಡೆಯ ಪ್ರತಿಬಲ 1050, ಅದರ ದೂರ 1.5 ಮೀಟರ್, ಭ್ರಾಮಕ 1575. ಎಡ ಅರ್ಧದ ಮೇಲಿನ ಮಣ್ಣಿನ ಭಾರವೂ 1050. ಆದರೆ ಅದು ಹರಡಿಕೊಂಡಿರುವುದರಿಂದ ಅದರ ಕೇಂದ್ರ 0.75 ಮೀಟರ್ ದೂರದಲ್ಲಿದೆ, ಭ್ರಾಮಕ 787.5. ಕಳೆದರೆ ಉಳಿಯುವುದು 787.5 ಕಿಲೋಗ್ರಾಂ-ಮೀಟರ್. ಈಗಿನ ಪಠ್ಯಗಳ ಅಳತೆಯಲ್ಲಿ ಇದು ಸುಮಾರು 7,725 ನ್ಯೂಟನ್-ಮೀಟರ್.

ಇದನ್ನೇ ಸೂತ್ರವಾಗಿ ಹೇಳುವುದಾದರೆ: ಮೀಟರಿಗಿರುವ ಭಾರವನ್ನು ಅಂಕಣದ ವರ್ಗದಿಂದ ಗುಣಿಸಿ 8ರಿಂದ ಭಾಗಿಸಬೇಕು. ಇಲ್ಲಿ ‘ವರ್ಗ’ ಎಂಬ ಮಾತನ್ನು ಗಮನಿಸಬೇಕು. ಮಣ್ಣು ಇಮ್ಮಡಿಯಾದರೆ ಬಾಗುಭ್ರಾಮಕ ಇಮ್ಮಡಿಯಾಗುತ್ತದೆ. ಅಂಕಣವೇ ಇಮ್ಮಡಿಯಾದರೆ ಅದು ನಾಲ್ಮಡಿಯಾಗುತ್ತದೆ. ಪಡಸಾಲೆಯನ್ನು ವಿಶಾಲಗೊಳಿಸಲೆಂದು ನಡುವಣ ಕಂಬವನ್ನು ತೆಗೆಸುವವರು ಇದನ್ನು ಮರೆಯಬಾರದು.

ಟ್ಯಾಂಕು ಏರಿದಾಗ

ಈ ಮಾಳಿಗೆಯ ಮೇಲೆ 500 ಲೀಟರಿನ ನೀರಿನ ಟ್ಯಾಂಕನ್ನು ಇಟ್ಟರೆಂದುಕೊಳ್ಳೋಣ. ನೀರು 500 ಕಿಲೋಗ್ರಾಂ. ಟ್ಯಾಂಕು, ಅದರ ಕೆಳಗಿನ ಇಟ್ಟಿಗೆ, ಕಲ್ಲು 100 ಕಿಲೋಗ್ರಾಂ. ಒಟ್ಟು 600 ಕಿಲೋಗ್ರಾಂ ಒಂದೇ ತೊಲೆಯ ಮೇಲೆ, ಎಡ ಗೋಡೆಯಿಂದ 1 ಮೀಟರ್ ದೂರದಲ್ಲಿ, ಒಂದೇ ಬಿಂದುವಿನಲ್ಲಿ ಬೀಳುತ್ತದೆ ಎಂದು ಹಿಡಿಯೋಣ. ಈಗ ತೊಲೆಯ ಮೇಲೆ ಎರಡು ಬಗೆಯ ಭಾರಗಳು ಕೂಡಿವೆ: ಹರಡಿದ ಮಣ್ಣು ಒಂದು, ಬಿಂದುವಿನಲ್ಲಿ ಕುಳಿತ ಟ್ಯಾಂಕು ಇನ್ನೊಂದು.

ಗಳದ ನಿಯಮದಂತೆ ಟ್ಯಾಂಕಿನಿಂದ ಎಡ ತುದಿಗೆ 400, ಬಲ ತುದಿಗೆ 200 ಕಿಲೋಗ್ರಾಂ. ಮಣ್ಣಿನ ಪಾಲನ್ನು ಸೇರಿಸಿದರೆ ಎಡಕ್ಕೆ 1450, ಬಲಕ್ಕೆ 1250. ಕೂಡಿಸಿದರೆ 2700, ಮೇಲಿರುವ ಒಟ್ಟು ಭಾರವೂ ಅಷ್ಟೇ. ಲೆಕ್ಕದ ಮೊದಲ ಹೆಜ್ಜೆ ಸರಿಯಾಗಿದೆಯೆಂಬುದಕ್ಕೆ ಇದೇ ಒರೆಗಲ್ಲು.

ಇನ್ನು ಬಾಗುಭ್ರಾಮಕ ಅತಿ ಹೆಚ್ಚಾಗಿರುವುದು ಎಲ್ಲಿ? ತೊಲೆಯ ನಡುವೆಯೇ, ಟ್ಯಾಂಕಿನ ಕೆಳಗೆಯೇ? ಇದನ್ನು ಊಹಿಸಬೇಕಾಗಿಲ್ಲ. ಎಡ ತುದಿಯಿಂದ ಹೊರಟು, ಮೇಲಕ್ಕೆ ಒತ್ತುವ 1450ರಿಂದ ದಾರಿಯಲ್ಲಿ ಸಿಕ್ಕ ಭಾರವನ್ನೆಲ್ಲ ಕಳೆಯುತ್ತ ಹೋಗಬೇಕು. ಹೀಗೆ ಉಳಿಯುವ ಮೊತ್ತಕ್ಕೆ ಕತ್ತರಿಬಲ ಅಥವಾ ಶಿಯರ್ ಫೋರ್ಸ್ ಎಂದು ಹೆಸರು. ಅದು ಎಲ್ಲಿ ಸೊನ್ನೆಯಾಗುತ್ತದೆಯೋ ಅಲ್ಲಿ ಬಾಗುಭ್ರಾಮಕ ಅತ್ಯಧಿಕ. 1 ಮೀಟರ್ ನಡೆದಾಗ 700 ಕಿಲೋಗ್ರಾಂ ಮಣ್ಣು ಕಳೆದು 750 ಉಳಿಯುತ್ತದೆ. ಅಲ್ಲಿ ಟ್ಯಾಂಕಿನ 600 ಒಮ್ಮೆಗೇ ಕಳೆದು 150 ಉಳಿಯುತ್ತದೆ. ಆ 150ನ್ನು ಕರಗಿಸಲು ಮೀಟರಿಗೆ 700ರಂತೆ ಇನ್ನು ಸುಮಾರು 21 ಸೆಂಟಿಮೀಟರ್ ನಡೆದರೆ ಸಾಕು. ಆದ್ದರಿಂದ ಗಂಡಾಂತರದ ಜಾಗ ಎಡ ಗೋಡೆಯಿಂದ 1.21 ಮೀಟರ್ ದೂರದಲ್ಲಿದೆ. ಅದು ಟ್ಯಾಂಕಿನ ಕೆಳಗೂ ಅಲ್ಲ, ತೊಲೆಯ ನಡುವೆಯೂ ಅಲ್ಲ, ಅವೆರಡರ ಮಧ್ಯೆ.

ಟ್ಯಾಂಕಿನ ಕೆಳಗೆ ಬಾಗುಭ್ರಾಮಕ 1450ರಿಂದ ಮಣ್ಣಿನ 700ರ ಅರ್ಧ 350ನ್ನು ಕಳೆದು 1100. ಅಲ್ಲಿಂದ 21 ಸೆಂಟಿಮೀಟರ್ ಆಚೆಗೆ ಅದು 1116ಕ್ಕೆ ಏರುತ್ತದೆ. ನಡುವಿಗೆ ಬರುವ ಹೊತ್ತಿಗೆ 1087.5ಕ್ಕೆ ಇಳಿಯುತ್ತದೆ.

ಇಲ್ಲಿ ವಿದ್ಯಾರ್ಥಿಗಳಿಗೊಂದು ಕಿವಿಮಾತು. ಕೂಡಿದ ಭಾರಗಳ ಲೆಕ್ಕವನ್ನು ಬೇರೆ ಬೇರೆ ಮಾಡಿ ಕೂಡಿಸುವುದು ಶಾಸ್ತ್ರಸಮ್ಮತವೇ. ಆದರೆ ಕೂಡಿಸಬೇಕಾದುದು ಒಂದೇ ಜಾಗದ ಬೆಲೆಗಳನ್ನು. ಮಣ್ಣೊಂದರಿಂದ ಬರುವ ಅತ್ಯಧಿಕ ಬೆಲೆ 787.5, ಅದು ನಡುವೆ. ಟ್ಯಾಂಕೊಂದರಿಂದ ಬರುವ ಅತ್ಯಧಿಕ ಬೆಲೆ 400, ಅದು ಟ್ಯಾಂಕಿನ ಕೆಳಗೆ. ಎರಡನ್ನೂ ಕೂಡಿಸಿದರೆ 1187.5 ಬರುತ್ತದೆ, ನಿಜವಾದ ಉತ್ತರ 1116. ನಡುವಿನಲ್ಲಿ ಟ್ಯಾಂಕಿನಿಂದ ಬರುವ ಬೆಲೆ 300 ಮಾತ್ರ, ಅದನ್ನು 787.5ಕ್ಕೆ ಕೂಡಿಸಿದರೆ ನಾವು ಮೇಲೆ ಕಂಡ 1087.5 ಸರಿಯಾಗಿ ದೊರೆಯುತ್ತದೆ.

ಜಾಗದ ಮಹತ್ವ

ಅದೇ ಟ್ಯಾಂಕನ್ನು ಸರಿಸಿ ನೋಡೋಣ. ತೊಲೆಯ ನಟ್ಟನಡುವೆ ಇಟ್ಟರೆ ಬಾಗುಭ್ರಾಮಕ 1237.5. ಗೋಡೆಯಿಂದ 30 ಸೆಂಟಿಮೀಟರ್ ದೂರದಲ್ಲಿ ಇಟ್ಟರೆ 880. ನೀರು ಅಷ್ಟೇ, ಟ್ಯಾಂಕು ಅದೇ, ತೊಲೆಯೂ ಅದೇ. ಟ್ಯಾಂಕಿನಿಂದಾಗಿ ತೊಲೆಗೆ ಹೆಚ್ಚಾದ ಬಾಧೆ ಮೊದಲ ಜಾಗದಲ್ಲಿ 450. ಎರಡನೆಯದರಲ್ಲಿ ಸುಮಾರು 92. ಮಾಳಿಗೆಯ ಮೇಲೆ ಜೋಳದ ಚೀಲ ಇಡುವವರಿಗೂ, ಕಲ್ಲು ಇಟ್ಟಿಗೆ ಪೇರಿಸುವವರಿಗೂ ಇದೇ ಮಾತು ಅನ್ವಯಿಸುತ್ತದೆ. ಭಾರವನ್ನು ಮಾಳಿಗೆಗೆ ಏರಿಸಲೇಬೇಕಾದರೆ ಅದು ಗೋಡೆಯ ನೆತ್ತಿಯ ಮೇಲಿರಲಿ. ಅದಾಗದಿದ್ದರೆ ಗೋಡೆಗೆ ಆದಷ್ಟು ಹತ್ತಿರವಿರಲಿ.

ಆದರೆ ಒಂದು ಎಚ್ಚರಿಕೆ. ಗೋಡೆಯ ಹತ್ತಿರ ಇಟ್ಟಾಗ ತೊಲೆ ಬಾಗುವುದು ಕಡಿಮೆಯಾದರೂ ಆ ತುದಿಯ ಹೊರೆ 1590 ಕಿಲೋಗ್ರಾಮಿಗೆ ಏರುತ್ತದೆ. ಗೋಡೆಯೊಳಗೆ ಹುದುಗಿದ ತುದಿ ನೀರು ಜಿನುಗಿ ಮೆತ್ತಗಾಗಿದ್ದರೆ ತೊಲೆ ನಡುವೆ ಮುರಿಯದಿದ್ದರೂ ತುದಿಯಲ್ಲಿ ಕುಸಿದೀತು. ಆದ್ದರಿಂದ ಮೊದಲು ಆ ತುದಿಯ ಮರವನ್ನೂ ಗೋಡೆಯನ್ನೂ ಪರೀಕ್ಷಿಸಬೇಕು. ಟ್ಯಾಂಕಿಗೆ ನೆಲದಿಂದಲೇ ಪ್ರತ್ಯೇಕವಾದ ಕಂಬ ಕಟ್ಟುವುದು ಇನ್ನೂ ಕ್ಷೇಮ.

ಮಳೆ ಮತ್ತು ಚೌಳುಮಣ್ಣು

ಟ್ಯಾಂಕು ಕಣ್ಣಿಗೆ ಕಾಣುವ ಭಾರ. ಕಣ್ಣಿಗೆ ಕಾಣದ ಭಾರ ಇನ್ನೊಂದುಂಟು. ಅನಂತಪುರ ದೇಶದ ಅತಿ ಕಡಿಮೆ ಮಳೆಯ ಪ್ರದೇಶಗಳಲ್ಲೊಂದು. ವರ್ಷಕ್ಕೆ ಸುಮಾರು 550 ಮಿಲಿಮೀಟರ್. ಮಣ್ಣಿನ ಮಾಳಿಗೆ ಇಲ್ಲಿ ಬಾಳಿಬಂದುದು ಈ ಒಣ ಹವೆಯಿಂದಲೇ. ಆದರೆ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಮಳೆ ಹಿಡಿದು ಬಂದರೆ ಮಾಳಿಗೆಯ ಮಣ್ಣು ನೀರನ್ನು ಕುಡಿಯುತ್ತದೆ. ಪೂರ್ತಿ ನೆನೆದ ಮಣ್ಣನ್ನು ಘನ ಮೀಟರಿಗೆ 2000 ಕಿಲೋಗ್ರಾಂ ಎಂದು ಹಿಡಿದರೆ ನಮ್ಮ ತೊಲೆಯ ಮೇಲಿನ ಭಾರ ಮೀಟರಿಗೆ 860 ಕಿಲೋಗ್ರಾಂ ಆಗುತ್ತದೆ. ಟ್ಯಾಂಕಿಲ್ಲದೆಯೇ ಬಾಗುಭ್ರಾಮಕ 787.5ರಿಂದ 967.5ಕ್ಕೆ ಏರುತ್ತದೆ. ಆ ಹೊತ್ತಿನಲ್ಲಿ ಟ್ಯಾಂಕು ನಡುವೆ ಇದ್ದರೆ 1417.5.

ಇನ್ನು ಚೌಳುಮಣ್ಣು. ಸೋರುವಿಕೆಯನ್ನು ತಡೆಯಲು ಮಳೆಗಾಲಕ್ಕೆ ಮುನ್ನ ಹೊಸ ಚೌಳು ಹರಡುವುದು ವಾಡಿಕೆ. ಹಳೆಯದನ್ನು ಕೆರೆದು ತೆಗೆಯದೆ ಅದರ ಮೇಲೆಯೇ ಹಾಕುತ್ತ ಬಂದರೆ ವರ್ಷಗಳು ಕಳೆದಂತೆ ಮಾಳಿಗೆ ದಪ್ಪವಾಗುತ್ತದೆ. ಹೀಗೆ 10 ಸೆಂಟಿಮೀಟರ್ ಹೆಚ್ಚಿ ಮಣ್ಣಿನ ದಪ್ಪ 30 ಸೆಂಟಿಮೀಟರ್ ಆಯಿತೆನ್ನೋಣ. ಅದು ಪೂರ್ತಿ ನೆನೆದಾಗ ಮೀಟರಿಗೆ 1260 ಕಿಲೋಗ್ರಾಂ, ಬಾಗುಭ್ರಾಮಕ 1417.5. ಮೇಲಿನ ಅಂಕಿಯೇ ಇದು! ಅರ್ಥಾತ್, ಗೇಣಿನ ಅರ್ಧದಷ್ಟು ಹೆಚ್ಚುವರಿ ಮಣ್ಣು ಮಳೆಯಲ್ಲಿ ನೆನೆದಾಗ, ನೀರು ತುಂಬಿದ ಟ್ಯಾಂಕನ್ನು ತೊಲೆಯ ನಡುವೆ ಇಟ್ಟಷ್ಟೇ ಬಾಧೆ ಕೊಡುತ್ತದೆ. ಟ್ಯಾಂಕು ಬೇಡವೆಂದು ಎಚ್ಚರ ವಹಿಸಿದ ಮನೆಯವರು ಮಣ್ಣಿನ ವಿಷಯದಲ್ಲಿ ನಿಶ್ಚಿಂತರಾಗಿರುವುದು ಸಲ್ಲದು. ಹೊಸ ಚೌಳು ಹಾಕುವ ಮುನ್ನ ಹಳೆಯದನ್ನು ಕೆರೆದು ಇಳಿಸಬೇಕು. ನೀರು ಹೊರಹೋಗುವ ದೋಣಿ ಕಟ್ಟಿಕೊಳ್ಳದಂತೆ ನೋಡಿಕೊಳ್ಳಬೇಕು.

ಮರದ ಶಕ್ತಿ

ತೊಲೆ ಇದನ್ನು ತಡೆಯುವುದೇ? ತೊಲೆಯ ಅಗಲವನ್ನು ಅದರ ಎತ್ತರದ ವರ್ಗದಿಂದ ಗುಣಿಸಿ 6ರಿಂದ ಭಾಗಿಸಿದರೆ ಅದರ ಬಾಗುಶಕ್ತಿಯ ಅಳತೆ ದೊರೆಯುತ್ತದೆ. 20 ಸೆಂಟಿಮೀಟರ್ ಅಗಲ, 25 ಸೆಂಟಿಮೀಟರ್ ಎತ್ತರದ ತೊಲೆಗೆ ಅದು 2083 ಘನ ಸೆಂಟಿಮೀಟರ್. ಬಾಗುಭ್ರಾಮಕವನ್ನು ಇದರಿಂದ ಭಾಗಿಸಿದರೆ ಮರದ ಹೊರಮೈ ಅನುಭವಿಸುವ ಪೀಡನ. ಒಣ ಮಾಳಿಗೆಯಲ್ಲಿ ಅದು ಚದರ ಸೆಂಟಿಮೀಟರಿಗೆ 38 ಕಿಲೋಗ್ರಾಂ, 1417.5ರ ಸ್ಥಿತಿಯಲ್ಲಿ 68. ಒಳ್ಳೆಯ ತೇಗಕ್ಕೆ 100 ಕಿಲೋಗ್ರಾಮಿಗೂ ಮಿಕ್ಕಿದ ಪೀಡನವನ್ನು ಕ್ಷೇಮವಾಗಿ ಸಹಿಸುವ ಶಕ್ತಿಯುಂಟು. ಹಿರಿಯರು ಹಾಕಿದ ದಪ್ಪ ತೊಲೆಗಳು ತಲೆಮಾರುಗಳ ಕಾಲ ನಿಂತಿರುವುದರ ಗುಟ್ಟು ಇದೇ. ಇದೇ ತೊಲೆಯನ್ನು ಮಗ್ಗುಲು ಮಲಗಿಸಿ ಹಾಕಿದ್ದರೆ 68 ಇದ್ದ ಪೀಡನ 85 ಆಗುತ್ತಿತ್ತು. ಬಡಗಿಯು ತೊಲೆಯನ್ನು ನಿಲುವಾಗಿ ಕೂರಿಸುವುದು ಅಂದಕ್ಕಲ್ಲ.

ಆದರೆ ಗೆದ್ದಲು ನಾಲ್ಕು ಕಡೆಗಳಿಂದಲೂ 3 ಸೆಂಟಿಮೀಟರ್ ಮರವನ್ನು ತಿಂದಿದ್ದರೆ ಉಳಿಯುವುದು 14 ಅಗಲ, 19 ಎತ್ತರ. ಆಗ 1417.5ರ ಸ್ಥಿತಿಯಲ್ಲಿ ಪೀಡನ 168. ಹೊರಗೆ ಬಣ್ಣ ಬಳಿದ ತೊಲೆ ಒಳಗೆ ಹೀಗಿದ್ದರೆ ಬೇಸಗೆಯಲ್ಲಿ ನಿಂತ ಮಾಳಿಗೆ ಮಳೆಗಾಲದ ಒಂದು ರಾತ್ರಿ ಕುಸಿಯುವುದರಲ್ಲಿ ಆಶ್ಚರ್ಯವಿಲ್ಲ. ತೊಲೆಯನ್ನು ತಟ್ಟಿ ನೋಡಿದಾಗ ಪೊಳ್ಳು ಸದ್ದು ಬಂದರೆ, ನಡುವೆ ಇಳಿಬಿದ್ದಂತೆ ಕಂಡರೆ, ಕೆಳಮೈಯಲ್ಲಿ ಅಡ್ಡ ಬಿರುಕು ತೋರಿದರೆ ತಡಮಾಡದೆ ಅದರಡಿ ಒಂದು ಊರೆ ಕೊಡಬೇಕು. ಬಲ್ಲ ಎಂಜಿನಿಯರನ್ನೋ ಅನುಭವಿ ಬಡಗಿಯನ್ನೋ ಕರೆಸಬೇಕು. ನಡುವೆ ಊರೆ ಕೊಟ್ಟರೆ ಅಂಕಣ ಅರ್ಧವಾಗುತ್ತದೆ. ಮಣ್ಣಿನ ಬಾಧೆ ಕಾಲುಪಾಲಿಗೆ ಇಳಿಯುತ್ತದೆ.

ಹಿರಿಯರ ಜಾಣ್ಮೆ

ಕಂಬದ ತಲೆಯ ಬೋದಿಗೆಯನ್ನು ನಾವು ಕೆತ್ತನೆಗಾಗಿ ಮೆಚ್ಚುತ್ತೇವೆ. ಆದರೆ ಅದು ಎರಡೂ ಕಡೆ 30 ಸೆಂಟಿಮೀಟರ್ ಚಾಚಿ ಗಟ್ಟಿಯಾಗಿ ಕುಳಿತಿದ್ದರೆ 3 ಮೀಟರಿನ ಅಂಕಣ 2.4 ಮೀಟರಿನಂತೆ ವರ್ತಿಸುತ್ತದೆ, 787.5 ಇದ್ದ ಬಾಗುಭ್ರಾಮಕ 504ಕ್ಕೆ ಇಳಿಯುತ್ತದೆ. ಚೆಲುವೂ ಬಲವೂ ಒಂದೇ ಮರದ ತುಂಡಿನಲ್ಲಿ ಕೂಡಿರುವುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಕಲ್ಲಿನ ಕಟ್ಟಡಗಳಲ್ಲಿ ಈ ಜಾಣ್ಮೆ ಇನ್ನೂ ಸ್ಪಷ್ಟ. ಕಲ್ಲು ಅದುಮುವಿಕೆಯನ್ನು ಬಹಳ ಸಹಿಸುತ್ತದೆ, ಎಳೆತವನ್ನು ತೀರ ಕಡಿಮೆ. ತೊಲೆಯ ಕೆಳಮೈಯಲ್ಲಿ ಉಂಟಾಗುವುದಾದರೋ ಎಳೆತವೇ. ಆದ್ದರಿಂದ ಕಲ್ಲಿನ ತೊಲೆಗೆ ಅಂಕಣ ಕಿರಿದಾಗಿರಬೇಕು, ಕಂಬಗಳು ಹತ್ತಿರವಿರಬೇಕು. ನೊಳಂಬರ ರಾಜಧಾನಿಯಾಗಿ ಹೆಂಜೇರು ಎಂದು ಹೆಸರಾಗಿದ್ದ, ಮಡಕಶಿರಾ ಸೀಮೆಯ ಹೇಮಾವತಿಯ ದೇವಾಲಯಗಳಲ್ಲಿ ನಿಂತು ಸೂರಿನತ್ತ ನೋಡುವವರು ಕಂಬದಿಂದ ಕಂಬಕ್ಕಿರುವ ಅಂತರವನ್ನೂ ಒಮ್ಮೆ ಹೆಜ್ಜೆಯಿಂದ ಅಳೆಯಲಿ.

ಇಟಲಿಯ ಗೆಲಿಲಿಯೋ ತೊಲೆಯ ಬಲವನ್ನು ಗಣಿತದಿಂದ ವಿವರಿಸಲು ಯತ್ನಿಸಿದುದು 1638ರಲ್ಲಿ ಪ್ರಕಟವಾದ ಗ್ರಂಥದಲ್ಲಿ. ತೊಲೆಯ ಅಡ್ಡಕೊಯ್ತವೆಲ್ಲ ಎಳೆಯಲ್ಪಡುತ್ತದೆಂದು ಅವನು ಭಾವಿಸಿದ್ದ; ಮೇಲ್ಭಾಗ ಅದುಮಲ್ಪಟ್ಟು ಕೆಳಭಾಗ ಎಳೆಯಲ್ಪಡುವ ಸರಿಯಾದ ಚಿತ್ರವು ಫ್ರಾನ್ಸಿನ ಕೂಲಂಬ್ 1773ರಲ್ಲಿ ಮಂಡಿಸಿದ ಪ್ರಬಂಧದಿಂದ, ಬಳಿಕ 1826ರ ನೇವಿಯರನ ಗ್ರಂಥದಿಂದ ನೆಲೆಗೊಂಡಿತು. ಶಾಸ್ತ್ರ ಹುಟ್ಟುವುದಕ್ಕೆ ಶತಮಾನಗಳ ಮೊದಲೇ ನಮ್ಮ ಕಲ್ಲುಕುಟಿಗರೂ ಬಡಗಿಗಳೂ ಅನುಭವದಿಂದ ಸುರಕ್ಷಿತ ಅಳತೆಗಳನ್ನು ಕಂಡುಕೊಂಡಿದ್ದರು. ಆದರೆ ಅನುಭವದ ಅಳತೆ ಹಳೆಯ ಭಾರಗಳಿಗೆ ಮಾತ್ರ ಹೊಂದುತ್ತದೆ. ಟ್ಯಾಂಕಿನಂಥ ಹೊಸ ಭಾರ ಬಂದಾಗ ಲೆಕ್ಕವೇ ದಾರಿ.

ಆ ಲೆಕ್ಕಕ್ಕೆ ಬೇಕಾದುದು ಪ್ರೌಢಶಾಲೆಯ ಗಣಿತವಷ್ಟೇ: ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು. ಮೇಲಿನ ಅಂಕಿಗಳು ಒಂದು ಮಾದರಿಯವು. ಪ್ರತಿ ಮನೆಯ ಅಂಕಣ, ಮಣ್ಣು, ಮರ ಬೇರೆ. ನಮ್ಮ ಶಾಲೆಯ ವಿದ್ಯಾರ್ಥಿಗಳು ಬರುವ ಮಳೆಗಾಲಕ್ಕೆ ಮುನ್ನ ತಂತಮ್ಮ ಮನೆಯ ಅಥವಾ ಅಜ್ಜ ಅಜ್ಜಿಯರ ಮನೆಯ ಅಂಕಣವನ್ನು ಅಳೆದು, ಮಣ್ಣಿನ ದಪ್ಪವನ್ನು ನೋಡಿ, ಈ ಲೆಕ್ಕವನ್ನು ಕನ್ನಡದಲ್ಲಿಯೇ ಮಾಡಿ ಹಿರಿಯರ ಮುಂದಿಡಲಿ. ಅದರಿಂದ ಒಂದು ಮಾಳಿಗೆಯ ಮಣ್ಣು ಸಕಾಲಕ್ಕೆ ಇಳಿದರೂ, ಒಂದು ಟ್ಯಾಂಕು ಗೋಡೆಯತ್ತ ಸರಿದರೂ ಶಾಲೆಯಲ್ಲಿ ಕಲಿತ ಗಣಿತ ಸಾರ್ಥಕ.